ಆರ್ದ್ರವಾಯುವೂ ವಿಮಾನದ ಯಂತ್ರಶಕ್ತಿಯೂ

ಒದ್ದೆಯಾದ ಪಂಚೆ ಒಣಗಿದ ಪಂಚೆಗಿಂತ ಭಾರ. ಹಸಿಯ ಸೌದೆ ಒಣಸೌದೆಗಿಂತ ಭಾರ. ಮಳೆಗೆ ಸಿಕ್ಕಿದ ಜೋಳದ ಚೀಲವನ್ನು ಬೆನ್ನಿಗೇರಿಸಿಕೊಂಡ ಹಮಾಲನಿಗೆ ನೀರಿನ ತೂಕವನ್ನು ಕುರಿತು ಬೇರೆ ಪಾಠ ಬೇಕಾಗಿಲ್ಲ. ನೀರು ಸೇರಿದ ವಸ್ತು ಭಾರವಾಗುತ್ತದೆ ಎಂಬುದು ಲೋಕಾನುಭವ. ಈ ಅನುಭವವನ್ನೇ ಗಾಳಿಗೂ ಅನ್ವಯಿಸಿ, ತೇವಗೂಡಿದ ಗಾಳಿ ಒಣಗಾಳಿಗಿಂತ ಭಾರವಾಗಿರುತ್ತದೆಂದು ನಂಬಿರುವವರು ವಿದ್ಯಾವಂತರಲ್ಲಿಯೂ ಬಹುಮಂದಿ. ಭೌತಶಾಸ್ತ್ರದ ತೀರ್ಪು ಇದಕ್ಕೆ ನೇರ ವಿರುದ್ಧವಾಗಿದೆ. ಒಂದೇ ಉಷ್ಣತೆ, ಒಂದೇ ಒತ್ತಡಗಳಲ್ಲಿ ತೂಗಿದರೆ ತೇವದ ಗಾಳಿಯೇ ಹಗುರ.

ನೆಲದ ಮೇಲೆ ನಡೆಯುವವರಿಗೆ ಈ ತಪ್ಪು ನಂಬಿಕೆಯಿಂದ ಯಾವ ಹಾನಿಯೂ ಇಲ್ಲ. ಆಕಾಶಕ್ಕೆ ಏರುವವನ ಪಾಡು ಬೇರೆ. ವಿಮಾನದ ರೆಕ್ಕೆಗೆ ಗಾಳಿಯೇ ಆಸರೆ; ಅದರ ಯಂತ್ರಕ್ಕೆ ಗಾಳಿಯೇ ಆಹಾರ. ಗಾಳಿ ಭಾರವಾಗಿದ್ದಷ್ಟೂ ಆಸರೆ ಗಟ್ಟಿ, ಆಹಾರ ಪುಷ್ಟಿ. ಆದುದರಿಂದ ತೇವದ ಗಾಳಿ ಭಾರವೆಂದು ತಿಳಿದ ಚಾಲಕನು, ವಿಮಾನದ ಬಲ ಕುಂದಿರುವ ದಿನವೇ ಅದು ಹೆಚ್ಚಿದೆಯೆಂದು ಭಾವಿಸಿ ಓಡುದಾರಿಯ ಮೇಲೆ ನಿಂತಿರುತ್ತಾನೆ. ದಾರಿಯ ತುದಿಯಲ್ಲಿ ಮರಗಳಿದ್ದರೆ ಈ ಅಜ್ಞಾನಕ್ಕೆ ತೆರಬೇಕಾದ ಬೆಲೆ ಅಲ್ಪವಾದುದಲ್ಲ.

ಮೊದಲಿಗೆ ಶಬ್ದಗಳ ಗೊಂದಲವನ್ನು ಕಳೆಯುವುದು ಒಳ್ಳೆಯದು. 'ಆರ್ದ್ರ' ಎಂಬ ಸಂಸ್ಕೃತ ಶಬ್ದಕ್ಕೆ ಒದ್ದೆ, ಹಸಿ ಎಂಬ ಅರ್ಥಗಳಿವೆ. ನಮ್ಮ ರೈತರ ನಾಲಗೆಯಲ್ಲಿ ಅದೇ ನಕ್ಷತ್ರದ ಹೆಸರು 'ಆರಿದ್ರ' ಮಳೆಯಾಗಿದೆ. ಆದರೆ ಗಾಳಿಯ ಆರ್ದ್ರತೆ ಎಂದರೆ ಮಳೆಯೂ ಅಲ್ಲ, ಮಂಜೂ ಅಲ್ಲ. ಕುದಿಯುವ ಪಾತ್ರೆಯ ಮೇಲೆ ಬೆಳ್ಳಗೆ ಏಳುವ ಹಬೆಯನ್ನು ಜನ ಆವಿಯೆಂದು ಕರೆಯುವುದುಂಟು. ವಾಸ್ತವವಾಗಿ ಅದು ಸೂಕ್ಷ್ಮವಾದ ನೀರಿನ ಹನಿಗಳ ಸಮೂಹ. ನಿಜವಾದ ಆವಿ ಕಣ್ಣಿಗೆ ಕಾಣದು. ಗಾಳಿಯ ಇತರ ಅನಿಲಗಳಂತೆ ಅದೂ ಒಂದು ಅನಿಲ. ಅವುಗಳ ನಡುವೆ ಬೆರೆತು, ಅವುಗಳಂತೆಯೇ ಸಂಚರಿಸುತ್ತದೆ. ಇಲ್ಲಿನ ವಿಚಾರವೆಲ್ಲ ಈ ಕಾಣದ ಆವಿಯನ್ನು ಕುರಿತದ್ದು.

ಒಣಗಾಳಿಯಲ್ಲಿ ನೂರಕ್ಕೆ ಸುಮಾರು ೭೮ ಪಾಲು ಸಾರಜನಕ, ೨೧ ಪಾಲು ಆಮ್ಲಜನಕ, ಉಳಿದ ಒಂದು ಪಾಲಿನಲ್ಲಿ ಬಹುಭಾಗ ಆರ್ಗಾನ್ ಇವೆ. ಸಾರಜನಕದ ಅಣುಭಾರ ೨೮, ಆಮ್ಲಜನಕದ್ದು ೩೨. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಒಣಗಾಳಿಯ ಅಣುಭಾರ ೨೯ಕ್ಕೆ ಕೂದಲೆಳೆಯಷ್ಟು ಕಡಿಮೆ. ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣುಗಳು. ಅದರ ಭಾರ ಕೇವಲ ೧೮. ಇಟಲಿಯ ಅವೊಗಾಡ್ರೊ ೧೮೧೧ರಲ್ಲಿ ಪ್ರತಿಪಾದಿಸಿದ ತತ್ತ್ವದಂತೆ, ಒಂದೇ ಉಷ್ಣತೆ ಮತ್ತು ಒತ್ತಡಗಳಲ್ಲಿ ಸಮಾನ ಗಾತ್ರದ ಯಾವುದೇ ಅನಿಲದಲ್ಲಿ ಅಣುಗಳ ಸಂಖ್ಯೆ ಸಮಾನವಾಗಿರುತ್ತದೆ. ಅಂದರೆ, ಒಂದು ಘನಮೀಟರ್ ಅವಕಾಶದಲ್ಲಿ ಅಣುಗಳಿಗೆ ಇಷ್ಟೇ ಆಸನಗಳು ಎಂದು ಪ್ರಕೃತಿ ಮೊದಲೇ ಗೊತ್ತುಮಾಡಿದೆ.

ಜಾತ್ರೆಗೆ ಹೊರಟ ಬಸ್ಸನ್ನು ಕಲ್ಪಿಸಿಕೊಳ್ಳಬಹುದು. ಆಸನಗಳು ಐವತ್ತು, ನಿಲ್ಲಲು ಅಪ್ಪಣೆಯಿಲ್ಲ. ಐವತ್ತು ಮಂದಿ ದೃಢಕಾಯರಾದ ಆಳುಗಳು ಕುಳಿತಿದ್ದಾರೆ. ಅವರಲ್ಲಿ ಇಬ್ಬರನ್ನು ಇಳಿಸಿ ಆ ಜಾಗದಲ್ಲಿ ಇಬ್ಬರು ಹುಡುಗರನ್ನು ಕೂರಿಸಿದರೆ ಬಸ್ಸು ತುಂಬಿಯೇ ಇರುತ್ತದೆ. ಆದರೆ ಒಟ್ಟು ಭಾರ ಇಳಿಯುತ್ತದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ನೂಕಲು ಇಬ್ಬರು ಆಳುಗಳೂ ಕಡಿಮೆಯಾದರು. ಆವಿಯ ಅಣು ಗಾಳಿಯಲ್ಲಿ ಮಾಡುವ ಎರಡು ಕೆಲಸಗಳೂ ಈ ದೃಷ್ಟಾಂತದಲ್ಲಿ ಅಡಗಿವೆ: ಒಂದು, ಭಾರವನ್ನು ಇಳಿಸುವುದು, ಇನ್ನೊಂದು, ದುಡಿಯಬಲ್ಲ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುವುದು. ಮೊದಲನೆಯದು ರೆಕ್ಕೆಗೆ ನಷ್ಟ. ಎರಡನೆಯದು ಯಂತ್ರಕ್ಕೆ ನಷ್ಟ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಬಿಗಿಯಾಗಿ ಮುಚ್ಚಿದ ಸೀಸೆಯೊಳಗೆ ಒಂದಿಷ್ಟು ನೀರನ್ನು ಆವಿಯಾಗಿಸಿದರೆ ಒಳಗಿನ ಗಾಳಿಯ ಭಾರ ಹೆಚ್ಚುತ್ತದಲ್ಲವೆ? ಹೆಚ್ಚುತ್ತದೆ, ಸಂದೇಹವಿಲ್ಲ, ಅದರೊಡನೆ ಒಳಗಿನ ಒತ್ತಡವೂ ಏರುತ್ತದೆ. ಆದರೆ ಬಯಲಿನ ವಾತಾವರಣಕ್ಕೆ ಮುಚ್ಚಳವಿಲ್ಲ. ಅಲ್ಲಿ ಆವಿ ಒಳಬಂದಂತೆ ಗಾಳಿ ಹಿಗ್ಗಿ, ಒಣಗಾಳಿಯ ಅಣುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಒದ್ದೆ ಪಂಚೆಯ ಉಪಮೆ ಕೆಡುವುದೂ ಇಲ್ಲಿಯೇ: ಪಂಚೆಯಲ್ಲಿ ನೀರು ಸೇರುವಾಗ ನೂಲು ಹೊರಹೋಗುವುದಿಲ್ಲ, ಗಾಳಿಯಲ್ಲಿ ಆವಿ ಸೇರುವಾಗ ಗಾಳಿ ಹೊರಹೋಗುತ್ತದೆ. ಅಣುಭಾರದ ಲೆಕ್ಕ ಹುಟ್ಟುವುದಕ್ಕೆ ನೂರು ವರ್ಷಗಳ ಹಿಂದೆಯೇ ನ್ಯೂಟನ್ನನು ತನ್ನ 'ಆಪ್ಟಿಕ್ಸ್' ಗ್ರಂಥದ ಕೊನೆಯ ಪ್ರಶ್ನೆಗಳಲ್ಲಿ, ತೇವದ ವಾತಾವರಣವು ಒಣ ವಾತಾವರಣಕ್ಕಿಂತ ಹಗುರವೆಂದು ಸೂಚಿಸಿದ್ದನೆಂಬುದು ಆಶ್ಚರ್ಯದ ಸಂಗತಿ.

ಹಾಗಾದರೆ ಸೆಕೆಯ ದಿನ ಗಾಳಿ ಭಾರವೆನಿಸುವುದೇಕೆ? ಅದು ದೇಹದ ದೂರೇ ಹೊರತು ತಕ್ಕಡಿಯ ಸಾಕ್ಷ್ಯವಲ್ಲ. ಆವಿ ತುಂಬಿದ ಗಾಳಿಯಲ್ಲಿ ಬೆವರು ಬೇಗ ಆರದು. ಬೆವರು ಆರದಿದ್ದರೆ ಮೈ ತಣಿಯದು. ತಣಿಯದ ಮೈಗೆ ಉಸಿರೂ ಹೊರೆಯಾಗುತ್ತದೆ.

ಈ ವ್ಯತ್ಯಾಸ ಎಷ್ಟು ಎಂಬುದು ಮುಂದಿನ ಪ್ರಶ್ನೆ. ಗಾಳಿ ಎಷ್ಟು ಆವಿಯನ್ನು ಹಿಡಿಯಬಲ್ಲುದೆಂಬುದನ್ನು ಉಷ್ಣತೆ ನಿರ್ಧರಿಸುತ್ತದೆ. ಒಂದು ಘನಮೀಟರ್ ಅವಕಾಶದಲ್ಲಿ ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹಿಡಿಯುವ ಆವಿ ಹೆಚ್ಚೆಂದರೆ ೫ ಗ್ರಾಂ. ೨೦ ಡಿಗ್ರಿಯಲ್ಲಿ ಸುಮಾರು ೧೭ ಗ್ರಾಂ. ೩೦ ಡಿಗ್ರಿಯಲ್ಲಿ ೩೦ ಗ್ರಾಂ. ೪೦ ಡಿಗ್ರಿಯಲ್ಲಿ ೫೧ ಗ್ರಾಂ. ಆಕಾಶವಾಣಿಯ ಹವಾಮಾನ ವರದಿಯಲ್ಲಿ ಕೇಳಿಬರುವ ಶೇಕಡಾ ಲೆಕ್ಕದ ಸಾಪೇಕ್ಷ ಆರ್ದ್ರತೆಯು ಈ ಗರಿಷ್ಠ ಪ್ರಮಾಣದಲ್ಲಿ ಎಷ್ಟು ಪಾಲು ತುಂಬಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಇದನ್ನು ಮರೆತರೆ ಮೋಸಹೋಗುವುದು ಸುಲಭ. ಆಗುಂಬೆಯಲ್ಲಿ ೨೦ ಡಿಗ್ರಿಯ ಒಂದು ಮುಂಜಾನೆ, ಎದುರಿನ ಮರವೂ ಕಾಣದಂತೆ ಮಂಜು ಮುಸುಕಿ ಆರ್ದ್ರತೆ ನೂರಕ್ಕೆ ನೂರಾಗಿದೆಯೆಂದಿಟ್ಟುಕೊಂಡರೆ, ಅಲ್ಲಿರುವ ಆವಿ ೧೭ ಗ್ರಾಂ. ಅದೇ ವೇಳೆಗೆ ಮಂಗಳೂರಿನಲ್ಲಿ ಬಿಸಿಲು ಹೊಳೆಯುತ್ತ, ೩೨ ಡಿಗ್ರಿ ಉಷ್ಣತೆಯಲ್ಲಿ ಆರ್ದ್ರತೆ ನೂರಕ್ಕೆ ೭೫ ಮಾತ್ರ ಇದ್ದರೂ ಆವಿ ೨೫ ಗ್ರಾಂಗಳಷ್ಟಾಗುತ್ತದೆ. ಮಂಜು ಕಂಡು ಹೆದರುವ ಚಾಲಕ ದಾರಿ ಕಾಣದೆಂದು ಹೆದರಬೇಕು. ಗಾಳಿ ತೆಳುವಾಯಿತೆಂದು ಹೆದರಬೇಕಾದದ್ದು ಕರಾವಳಿಯ ನಿರ್ಮಲವಾದ ಮಧ್ಯಾಹ್ನಕ್ಕೆ.

ಈಗ ತೂಕಕ್ಕೆ ಬರಬಹುದು. ಸಮುದ್ರಮಟ್ಟದಲ್ಲಿ, ೩೦ ಡಿಗ್ರಿ ಉಷ್ಣತೆಯಲ್ಲಿ, ಒಂದು ಘನಮೀಟರ್ ಒಣಗಾಳಿಯ ತೂಕ ೧,೧೬೪ ಗ್ರಾಂ. ಆರ್ದ್ರತೆ ನೂರಕ್ಕೆ ೮೦ ಆದಾಗ ಅದರೊಳಗೆ ೨೪ ಗ್ರಾಂ ಆವಿ ಪ್ರವೇಶಿಸುತ್ತದೆ. ಅದಕ್ಕೆ ಜಾಗ ಬಿಡಲು ೩೯ ಗ್ರಾಂ ಒಣಗಾಳಿ ಹೊರನಡೆಯುತ್ತದೆ. ಬಂದದ್ದು ೨೪, ಹೋದದ್ದು ೩೯. ಉಳಿದ ತೂಕ ೧,೧೪೯ ಗ್ರಾಂ. ನಷ್ಟ ನೂರಕ್ಕೆ ಒಂದೂಕಾಲಕ್ಕಿಂತ ತುಸು ಹೆಚ್ಚು. ಹವಾಮಾನ ಶಾಸ್ತ್ರಜ್ಞರು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ: ೩೦ ಡಿಗ್ರಿಯ ಈ ತೇವದ ಗಾಳಿಯು ಸಾಂದ್ರತೆಯಲ್ಲಿ ೩೪ ಡಿಗ್ರಿಯ ಒಣಗಾಳಿಗೆ ಸಮ. ಈ ೩೪ ಡಿಗ್ರಿ ಉಷ್ಣಮಾಪಕದಲ್ಲಿ ಕಾಣದ, ಲೆಕ್ಕದಲ್ಲಿ ಮಾತ್ರ ಇರುವ ಕಲ್ಪಿತ ಉಷ್ಣತೆ. ಆದರೆ ರೆಕ್ಕೆಗೆ ತಿಳಿಯುವುದು ಉಷ್ಣಮಾಪಕವಲ್ಲ, ಸಾಂದ್ರತೆ.

ರೆಕ್ಕೆಯು ವಿಮಾನವನ್ನು ಎತ್ತುವ ಬಲ ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಸಾಂದ್ರತೆ ಇಳಿದರೆ ಅದೇ ಭಾರವನ್ನು ಎತ್ತಲು ನೆಲದ ಮೇಲೆ ಹೆಚ್ಚು ವೇಗದಿಂದ ಓಡಬೇಕು. ವೇಗಮಾಪಕವೂ ಗಾಳಿಯ ಒತ್ತಡದಿಂದಲೇ ನಡೆಯುವ ಸಾಧನವಾದ್ದರಿಂದ, ಚಾಲಕನ ಕಣ್ಣೆದುರಿನ ಮುಳ್ಳು ಎಂದಿನ ಅಂಕೆಯನ್ನೇ ತೋರಿಸುತ್ತದೆ. ಚಕ್ರಗಳು ಮಾತ್ರ ಎಂದಿಗಿಂತ ವೇಗವಾಗಿ ಉರುಳುತ್ತಿರುತ್ತವೆ. ಇತ್ತ ಎಂಜಿನ್ನಿನ ಬಲ ಕುಗ್ಗಿ, ಆ ವೇಗವನ್ನು ಗಳಿಸಲು ಹೆಚ್ಚು ಕಾಲ ಹಿಡಿಯುತ್ತದೆ. ಗಾಳಿಯನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗುವ ಪಂಖಕ್ಕೂ ಹಿಡಿತ ಕಡಿಮೆ. ಮೂರು ಸಣ್ಣ ನಷ್ಟಗಳು ಒಂದರ ಮೇಲೊಂದು ಕೂಡಿಕೊಂಡು ಓಡುದಾರಿಯಲ್ಲಿ ಗಣನೀಯವಾದ ದೂರವನ್ನು ನುಂಗುತ್ತವೆ.

ಆದರೂ ಆರ್ದ್ರತೆಯನ್ನು ಅದರ ಯೋಗ್ಯತೆಗಿಂತ ಮೇಲೆ ಕೂರಿಸುವುದು ಸಲ್ಲದು. ಗಾಳಿಯನ್ನು ತೆಳುಮಾಡುವುದರಲ್ಲಿ ಎತ್ತರವೂ ಬಿಸಿಲೂ ಅಣ್ಣಂದಿರು. ಆರ್ದ್ರತೆ ಕಿರಿಯ ತಮ್ಮ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು ೪೫೦ ಮೀಟರ್ ಎತ್ತರದಲ್ಲಿದೆ. ಅಲ್ಲಿ ಬೇಸಗೆಯ ೪೨ ಡಿಗ್ರಿಯ ಶುದ್ಧ ಒಣಗಾಳಿಯ ತೂಕ ಘನಮೀಟರಿಗೆ ೧,೦೬೦ ಗ್ರಾಂ ಸುಮಾರು ಬರುತ್ತದೆ. ಮೇಲೆ ಹೇಳಿದ ಮಂಗಳೂರಿನ ತೇವದ ಗಾಳಿ ಅದಕ್ಕಿಂತ ೬೦ ಗ್ರಾಂಗಳಿಗೂ ಹೆಚ್ಚು ಭಾರ. ಬೆಂಗಳೂರಿನ ವಿಮಾನ ನಿಲ್ದಾಣ ೩,೦೦೦ ಅಡಿ ಎತ್ತರದಲ್ಲಿದೆ. ಅಲ್ಲಿ ಉಷ್ಣತೆ ೩೦ ಡಿಗ್ರಿಯಾದ ದಿನ ಗಾಳಿಯ ಸಾಂದ್ರತೆ, ಪ್ರಮಾಣ ವಾತಾವರಣದಲ್ಲಿ ಸುಮಾರು ೫,೪೦೦ ಅಡಿಗಳ ಮೇಲಿರುವ ಗಾಳಿಯಷ್ಟಿರುತ್ತದೆ. ವಿಮಾನ ನಿಂತಿರುವುದು ನೆಲದ ಮೇಲೆ. ಅದರ ರೆಕ್ಕೆಯ ಮಟ್ಟಿಗೆ ಅದು ಆಗಲೇ ಬೆಟ್ಟದ ಮೇಲಿದೆ. ಇದಕ್ಕೆ 'ಸಾಂದ್ರತಾ ಎತ್ತರ' ಎಂದು ಹೆಸರು. ಸಮುದ್ರಮಟ್ಟದ ೩೦ ಡಿಗ್ರಿಯ ಒಣಗಾಳಿಗೆ ಸಾಂದ್ರತಾ ಎತ್ತರ ಸುಮಾರು ೧,೭೦೦ ಅಡಿ. ನೂರಕ್ಕೆ ೮೦ರ ತೇವ ಅದಕ್ಕೆ ಇನ್ನೂ ೪೦೦ ಅಡಿಗಳನ್ನು ಮಾತ್ರ ಸೇರಿಸುತ್ತದೆ. ಅಣ್ಣಂದಿರ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ. ಲೆಕ್ಕಕ್ಕೆ ಸಿಗದೆ ನುಸುಳುವವನು ಈ ತಮ್ಮನೇ.

ರೆಕ್ಕೆಯನ್ನು ಬಿಟ್ಟು ಎಂಜಿನ್ನಿಗೆ ಬಂದರೆ ಕಥೆ ಬೇರೆಯಾಗುತ್ತದೆ. ಜಕ್ಕೂರಿನಂಥ ತರಬೇತಿ ಕೇಂದ್ರಗಳಲ್ಲಿ ಹಾರುವ ಸಣ್ಣ ವಿಮಾನಗಳಲ್ಲಿರುವುದು ಪಿಸ್ಟನ್ ಎಂಜಿನ್. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು ೧೯೫೧ರಲ್ಲಿ ಮೊದಲು ಹಾರಿದ ಎಚ್.ಟಿ.-೨ ವಿಮಾನದಲ್ಲಿದ್ದುದೂ ಇದೇ ಜಾತಿಯ ಯಂತ್ರ. ಅದರ ಸಿಲಿಂಡರಿನ ಗಾತ್ರ ನಿಯತವಾದುದು. ಪ್ರತಿ ಸಲ ಅದು ಸೆಳೆದುಕೊಳ್ಳುವ ಗಾಳಿಯ ಗಾತ್ರವೂ ನಿಯತ. ಒಣಗಾಳಿಯಾದರೆ ಸಾವಿರ ಅಣುಗಳಲ್ಲಿ ೨೦೯ ಆಮ್ಲಜನಕ. ೩೦ ಡಿಗ್ರಿ, ನೂರಕ್ಕೆ ೮೦ರ ಗಾಳಿಯಾದರೆ ಸಾವಿರದಲ್ಲಿ ೩೩ ಆಸನಗಳನ್ನು ಆವಿ ಹಿಡಿದಿರುವುದರಿಂದ ಆಮ್ಲಜನಕಕ್ಕೆ ಉಳಿಯುವುದು ೨೦೨ ಅಥವಾ ೨೦೩. ಸಾಂದ್ರತೆಯ ನಷ್ಟ ನೂರಕ್ಕೆ ಒಂದೂಕಾಲು. ಆಮ್ಲಜನಕದ ನಷ್ಟ ನೂರಕ್ಕೆ ಮೂರನ್ನೂ ಮೀರಿದ್ದು. ತಕ್ಕಡಿ ಹೇಳಿದ್ದಕ್ಕಿಂತ ಎಂಜಿನ್ ಅನುಭವಿಸುವುದು ಎರಡೂವರೆ ಪಟ್ಟು ಹೆಚ್ಚು ಎಂಬುದು ಗಮನಾರ್ಹ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಕಿಲೋಗ್ರಾಂ ಪೆಟ್ರೋಲು ಸಂಪೂರ್ಣ ಉರಿಯಲು ಸುಮಾರು ೧೫ ಕಿಲೋಗ್ರಾಂ ಗಾಳಿ ಬೇಕು. ಈ ಪ್ರಮಾಣವನ್ನು ಕಾಯ್ದುಕೊಂಡು ಇಂಧನವನ್ನು ಅಳೆದು ಬೆರೆಸುವುದು ಕಾರ್ಬುರೇಟರಿನ ಕೆಲಸ. ಆದರೆ ಅದು ಗಾಳಿಯ ಹರಿವನ್ನು ಅಳೆಯಬಲ್ಲುದೇ ಹೊರತು ಒಳಬಂದವರ ಜಾತಕವನ್ನು ನೋಡಲಾರದು. ಆವಿಯನ್ನೂ ಗಾಳಿಯೆಂದೇ ಎಣಿಸಿ ಅದಕ್ಕೂ ಇಂಧನವನ್ನು ಬಡಿಸುತ್ತದೆ. ಮಿಶ್ರಣದಲ್ಲಿ ಇಂಧನ ಮಿಕ್ಕಿ ಆಮ್ಲಜನಕ ಸಾಲದೆ ಹೋಗುತ್ತದೆ. ಇದರ ಮೇಲೆ ಆವಿಯು ಜ್ವಾಲೆಯ ಶಾಖವನ್ನು ತಾನೂ ಹೀರಿಕೊಂಡು ಉರಿಯುವಿಕೆಯನ್ನು ನಿಧಾನಗೊಳಿಸುತ್ತದೆ. ಪುಟ್ಟ ಓಡುದಾರಿ, ತುಂಬಿದ ಇಂಧನದ ತೊಟ್ಟಿ, ನಾಲ್ಕೂ ಆಸನಗಳಲ್ಲಿ ಜನ, ಹೀಗಿರುವಾಗ ನೂರಕ್ಕೆ ಮೂರು ನಾಲ್ಕು ಅಶ್ವಶಕ್ತಿಯ ಕೊರತೆ ಬರಿಯ ಅಂಕೆಯಾಗಿ ಉಳಿಯದು. ನೆಲವನ್ನು ಬಿಡಲು ಬೇಕಾದಷ್ಟನ್ನು ಕಳೆದು ಮಿಗುವ ಶಕ್ತಿಯಿಂದಲೇ ವಿಮಾನ ಮೇಲೇರಬೇಕು. ಕೊರತೆ ಬೀಳುವುದೆಲ್ಲ ಆ ಮಿಗತೆಯಲ್ಲಿಯೇ.

ಪಿಸ್ಟನ್ ಎಂಜಿನ್ನಿಗೆ ಆರ್ದ್ರತೆ ಒಡ್ಡುವ ಇನ್ನೊಂದು ಅಪಾಯ ಇದಕ್ಕಿಂತ ಘೋರವಾದುದು, ಕೇಳಿದವರು ಮೊದಲು ನಂಬಲಾರದಂಥದು. ಬೇಸಗೆಯ ದಿನ, ಬಿಸಿಯಾದ ಎಂಜಿನ್ನಿನ ಗಂಟಲಲ್ಲಿ ನೀರು ಹೆಪ್ಪುಗಟ್ಟಿ ಬರ್ಫವಾಗುತ್ತದೆ! ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ವೇಗವಾಗಿ ಹರಿಯುವಾಗ ಅದರ ಒತ್ತಡ ಇಳಿಯುತ್ತದೆ. ಅಲ್ಲಿಯೇ ಪೆಟ್ರೋಲು ಆವಿಯಾಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ನ್ಯಾಯವೇ ಇಲ್ಲಿಯೂ. ಆದರೆ ಪೆಟ್ರೋಲಿನ ವೇಗ ನೀರಿಗಿಲ್ಲ. ಉಷ್ಣತೆ ೩೦ ಡಿಗ್ರಿಗಳಿಗೂ ಮಿಕ್ಕಿ ಇಳಿಯಬಹುದು. ಗಾಳಿಯಲ್ಲಿನ ಆವಿ ಒಳಗೋಡೆಗೆ ಹೆಪ್ಪುಗಟ್ಟಿ ದಾರಿಯನ್ನು ಕಿರಿದುಗೊಳಿಸುತ್ತ ಕೊನೆಗೆ ಮುಚ್ಚಿಯೇಬಿಡಬಹುದು. ಹೊರಗಿನ ಉಷ್ಣತೆ ೨೧ ಡಿಗ್ರಿಗಿಂತ ಕಡಿಮೆಯಿದ್ದು ಆರ್ದ್ರತೆ ನೂರಕ್ಕೆ ೮೦ನ್ನು ಮೀರಿದಾಗ ಇದರ ಸಂಭವ ಅಧಿಕ. ೩೮ ಡಿಗ್ರಿಯ ಸೆಕೆಯಲ್ಲಿಯೂ, ಆರ್ದ್ರತೆ ೫೦ಕ್ಕೆ ಇಳಿದಾಗಲೂ ಅಸಂಭವವಲ್ಲ. ಹಿಮವನ್ನೇ ಕಾಣದ ನಾಡಿನಲ್ಲಿ ಹಾರಲು ಕಲಿತವನು ಇದನ್ನು ಶೀತದೇಶದವರ ಚಿಂತೆಯೆಂದು ತಳ್ಳಿಹಾಕಿದರೆ ಆಶ್ಚರ್ಯವಿಲ್ಲ, ಅಪಾಯವಿರುವುದೂ ಅಲ್ಲಿಯೇ.

ಇದಕ್ಕೆ ಪರಿಹಾರ ಸರಳ. ನಿಷ್ಕಾಸ ಕೊಳವೆಯ ಸುತ್ತ ಕಾದ ಗಾಳಿಯನ್ನು ಕಾರ್ಬುರೇಟರಿಗೆ ತಿರುಗಿಸುವ ಒಂದು ಹಿಡಿಕೆ ಚಾಲಕನ ಕೈಗೆ ನಿಲುಕುವಂತಿರುತ್ತದೆ. ಆದರೆ ಅದನ್ನು ಎಳೆದ ಕೂಡಲೇ ಎಂಜಿನ್ ಸುಧಾರಿಸುವುದಿಲ್ಲ. ಬಿಸಿಗಾಳಿ ತೆಳುವಾದುದರಿಂದ ಶಕ್ತಿ ಇನ್ನಷ್ಟು ಇಳಿಯುತ್ತದೆ. ಕರಗಿದ ನೀರು ಸಿಲಿಂಡರಿಗೆ ಹೋಗಿ ಎಂಜಿನ್ ಕೆಮ್ಮತೊಡಗುತ್ತದೆ. ಆಮೇಲೆ ದಾರಿ ಬಿಡುವಾಗಿ ಚೇತರಿಸಿಕೊಳ್ಳುತ್ತದೆ. ಕಾರಣ ತಿಳಿಯದ ಹೊಸ ಚಾಲಕ, ಔಷಧದಿಂದಲೇ ರೋಗ ಹೆಚ್ಚಿತೆಂದು ಹೆದರಿ ಹಿಡಿಕೆಯನ್ನು ಹಿಂದಕ್ಕೆ ತಳ್ಳಿಬಿಟ್ಟರೆ ಗತಿಯೇನು? ಕಾರ್ಬುರೇಟರೇ ಇಲ್ಲದೆ ಇಂಧನವನ್ನು ನೇರವಾಗಿ ಚಿಮ್ಮಿಸುವ ಎಂಜಿನ್ನುಗಳಲ್ಲಿ ಈ ಬಗೆಯ ಹೆಪ್ಪುಗಟ್ಟುವಿಕೆ ಇಲ್ಲ.

ದೊಡ್ಡ ಪ್ರಯಾಣಿಕ ವಿಮಾನಗಳ ಜೆಟ್ ಎಂಜಿನ್ ಈ ವಿಷಯದಲ್ಲಿ ಬಹಳ ಸಹನಶೀಲ. ಅದು ಉರಿಸಲು ಬೇಕಾದುದಕ್ಕಿಂತ ಮೂರು ನಾಲ್ಕು ಪಟ್ಟು ಗಾಳಿಯನ್ನು ತನ್ನ ಹೃದಯಭಾಗದ ಮೂಲಕವೇ ಹಾಯಿಸುತ್ತದೆ; ಆದ್ದರಿಂದ ಸಾವಿರಕ್ಕೆ ಏಳು ಅಣು ಆಮ್ಲಜನಕ ಕಡಿಮೆಯಾದುದು ಅದಕ್ಕೆ ಕೊರತೆಯೆನಿಸದು. ಉಳಿಯುವುದು ಸಾಂದ್ರತೆಯ ಸಣ್ಣ ನಷ್ಟ ಮಾತ್ರ. ಅದಲ್ಲದೆ ಇಂದಿನ ಹೆಚ್ಚಿನ ಜೆಟ್ ಎಂಜಿನ್ನುಗಳು ಒಂದು ಉಷ್ಣತೆಯವರೆಗೆ, ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ ೩೦ ಡಿಗ್ರಿಯ ಸುಮಾರಿನವರೆಗೆ, ಘೋಷಿತ ನೂಕುಬಲವನ್ನು ಇಳಿಸದೆ ಕೊಡುವಂತೆ ರಚಿತವಾಗಿವೆ. ಅದನ್ನು ದಾಟಿದರೆ ಅವೂ ಬಿಸಿಲಿಗೆ ಬಾಗಲೇಬೇಕು.

ಇಲ್ಲೊಂದು ಸ್ವಾರಸ್ಯವಾದ ವೈರುದ್ಧ್ಯ ಉಂಟು. ಆವಿ ಎಂಜಿನ್ನಿನ ಬಲವನ್ನು ಕುಗ್ಗಿಸುತ್ತದೆ ಎಂದಾಯಿತು. ಅದೇ ನೀರನ್ನು ಹನಿಯ ರೂಪದಲ್ಲಿ ಎಂಜಿನ್ನಿಗೆ ಚಿಮುಕಿಸಿದರೆ ಬಲ ಹೆಚ್ಚುತ್ತದೆ! ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಅಮೆರಿಕಗಳ ಯುದ್ಧವಿಮಾನಗಳು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಪಿಸ್ಟನ್ ಎಂಜಿನ್ನಿಗೆ ಊಡಿ ಅಲ್ಪಕಾಲದ ಅಧಿಕ ಶಕ್ತಿಯನ್ನು ಪಡೆಯುತ್ತಿದ್ದುವು. ಭಾರತದ ಕಾನ್ಪುರದಲ್ಲಿ ಜೋಡಣೆಗೊಂಡು ೧೯೬೧ರಲ್ಲಿ ಮೊದಲು ಹಾರಿದ ಆವ್ರೊ ೭೪೮ ವಿಮಾನ ಮಂಗಳೂರಿನ ಬಜ್ಪೆಗೂ ಒಂದು ಕಾಲದಲ್ಲಿ ಬಂದುಹೋಗುತ್ತಿತ್ತು. ಅದರ ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್ನಿಗೂ ಬಿಸಿಲಿನ ಮತ್ತು ಎತ್ತರದ ನಿಲ್ದಾಣಗಳಲ್ಲಿ ನೆಲ ಬಿಡುವಾಗ ಇದೇ ನೀರು-ಮೆಥನಾಲಿನ ನೆರವಿತ್ತು.

ರಹಸ್ಯವಿರುವುದು ಆವಿಯಾಗುವ ಕ್ರಿಯೆಯಲ್ಲಿ. ಹೊರಗಿನ ಆವಿ ತನ್ನ ಶಾಖವನ್ನು ಮೊದಲೇ ಎಲ್ಲಿಯೋ ಕಡಲ ಮೇಲೆ ಪಡೆದುಕೊಂಡು ಬಂದದ್ದು; ಎಂಜಿನ್ನಿಗೆ ಅದು ತರುವುದು ಬರಿಯ ಆಕ್ರಮಣ. ದ್ರವರೂಪದ ನೀರು ಒಳಗೆ ಬಂದು ಅಲ್ಲಿಯೇ ಆವಿಯಾಗುವಾಗ ಒಂದು ಕಿಲೋಗ್ರಾಮಿಗೆ ೨,೪೦೦ ಕಿಲೋಜೂಲ್‌ಗಳಷ್ಟು ಶಾಖವನ್ನು ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಗಾಳಿ ತಣಿದು ಸಾಂದ್ರವಾಗುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ಅಕಾಲಸ್ಫೋಟ ತಗ್ಗುತ್ತದೆ, ಟರ್ಬೈನ್ ಎಂಜಿನ್ನಿನಲ್ಲಿ ಅಲಗುಗಳು ಸುಡುವ ಭಯವಿಲ್ಲದೆ ಹೆಚ್ಚು ಇಂಧನ ಉರಿಸಬಹುದು. ಬಂದವನು ಒಬ್ಬನೇ, ಉಂಡು ಬಂದವನು ಹೊರೆಯಾದ, ಹಸಿದು ಬಂದವನು ದುಡಿದ.

ಇನ್ನು ವ್ಯವಹಾರದ ಮಾತು. ಸಣ್ಣ ವಿಮಾನಗಳ ಕೈಪಿಡಿಯಲ್ಲಿ ನೆಲ ಬಿಡಲು ಬೇಕಾದ ದೂರದ ಕೋಷ್ಟಕಗಳಿರುತ್ತವೆ. ಅವುಗಳಲ್ಲಿ ಎತ್ತರಕ್ಕೊಂದು ಸಾಲು, ಉಷ್ಣತೆಗೊಂದು ಸಾಲು ಇರುವುದು ರೂಢಿ. ಆರ್ದ್ರತೆಗೆ ಸಾಮಾನ್ಯವಾಗಿ ಸಾಲೇ ಇರುವುದಿಲ್ಲ. ಆದರೆ ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ಉಷ್ಣತೆಯ ಪಕ್ಕದಲ್ಲಿಯೇ ಇಬ್ಬನಿಬಿಂದುವೂ ಇರುತ್ತದೆ. ಯಾವ ಉಷ್ಣತೆಗೆ ಇಳಿದರೆ ಗಾಳಿಯಲ್ಲಿರುವ ಆವಿ ಹನಿಗೂಡತೊಡಗುವುದೋ ಅದೇ ಇಬ್ಬನಿಬಿಂದು. ಎರಡು ಅಂಕೆಗಳೂ ಮೇಲಿದ್ದು ಹತ್ತಿರ ಹತ್ತಿರ ಇದ್ದಷ್ಟೂ ಆವಿ ಹೆಚ್ಚು. ಕರಾವಳಿಯ ನಿಲ್ದಾಣವೊಂದರ ವರದಿಯಲ್ಲಿ ೩೦ ಮತ್ತು ೨೬ ಎಂಬ ಅಂಕೆಗಳು ಕಂಡರೆ, ಈ ಲೇಖನದಲ್ಲಿ ತೂಗಿದ ನೂರಕ್ಕೆ ೮೦ರ ಗಾಳಿ ಅದೇ. ಅಂಥ ದಿನ ಎಚ್ಚರವುಳ್ಳ ಚಾಲಕನು ಕೋಷ್ಟಕದಲ್ಲಿ ೩೦ರ ಸಾಲನ್ನು ಬಿಟ್ಟು ೩೪ಕ್ಕೆ ಲೆಕ್ಕ ಹಾಕಿದರೆ ರೆಕ್ಕೆಯ ಪಾಲು ಸರಿಹೋಗುತ್ತದೆ. ಎಂಜಿನ್ ಪಿಸ್ಟನ್ನಿನದಾಗಿದ್ದರೆ ಆಮ್ಲಜನಕದ ಪಾಲು ಇನ್ನೂ ಬಾಕಿ. ಅದಕ್ಕಾಗಿ ಇಂಧನದ ಮಿಶ್ರಣವನ್ನು ಕೈಪಿಡಿ ಹೇಳಿದಂತೆ ಹದಗೊಳಿಸಿ, ಓಡುದಾರಿಯಲ್ಲಿ ಇನ್ನಷ್ಟು ದೂರವನ್ನು ಮೀಸಲಿಡಬೇಕು, ಇಲ್ಲವೆ ಒಬ್ಬ ಪ್ರಯಾಣಿಕನನ್ನು ನೆಲದ ಮೇಲೆಯೇ ಉಳಿಸಿ ಹೊರಡಬೇಕು.